ಅವರೆ ಹಂದರದ ಕೆಳಗೆ ಬಿದ್ದ ಏಟು

ನನ್ನ ಹೆಂಡತಿಯ ತಾಯಿ ಪಕ್ಕೀರವ್ವ ನನ್ನ ಕಪಾಳಕ್ಕೆ ಹೊಡೆದಿದ್ದಾಳೆ. ಅದನ್ನು ನಾನು ಮರೆತಿಲ್ಲ, ಮರೆಯುವವನೂ ಅಲ್ಲ. ನನ್ನ ಹಡೆದವ್ವ ಹೊಡೆದಿಲ್ಲ. ಅಪ್ಪ ಒಮ್ಮೆ ಹೊಡೆಯಲು ಬಂದಾಗ ನಾನೇ ಕೈ ಹಿಡಿದು ನಿಲ್ಲಿಸಿದ್ದೆ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲರ ಮೇಸ್ತ್ರಿ ನಾನು, ಮಾಲೀಕ ಸೈತ ನನ್ನ ಮೈಮೇಲೆ ಕೈ ಮಾಡಿಲ್ಲ. ಅಂಥವನಿಗೆ, ಮದುವೆಗೆ ಬಂದ ಮಗಳಿರುವ ಗಂಡಸಿಗೆ, ಹೆಣ್ಣು ಕೊಟ್ಟ ಅತ್ತೆ ಹೊಡೆದಳು. ಕಳೆ ಕಿತ್ತು ಕಿತ್ತು ಕಟ್ಟಿಗೆಯಂತಾದ ಕೈ ಅದು. ದವಡೆ ಮರುದಿನವೂ ನೋಯುತ್ತಿತ್ತು.

ಇನ್ನೊಂದು ಸಂಗತಿ. ಆ ಏಟು ಬೀಳುವ ತನಕ ಆಕೆ ನನ್ನ ಜೊತೆ ಒಂದು ಮಾತೂ ಆಡಿದವಳಲ್ಲ. ನಮ್ಮ ಮಂದಿಯಲ್ಲಿ ಹಳೇ ಕಾಲದ ಅತ್ತೆಯರು ಅಳಿಯನ ಎದುರಿಗೆ ಬರುವುದಿಲ್ಲ, ಅಳಿಯನನ್ನು ಮಾತಾಡಿಸುವುದಿಲ್ಲ. ಈಗಿನವರು ಬಿಟ್ಟಿದ್ದಾರೆ. ಪಕ್ಕೀರವ್ವ ಬಿಟ್ಟಿಲ್ಲ. ನಾನು ಹನುಮಸಾಗರಕ್ಕೆ ಹೋದರೆ ಸೆರಗನ್ನು ಮೂಗಿನ ತನಕ ಎಳೆದುಕೊಂಡು ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಏನಾದರೂ ಹೇಳುವುದಿದ್ದರೆ ಮಗಳಿಗೆ ಹೇಳುತ್ತಿದ್ದಳು.

“ಅನಸವ್ವಾ, ಅಳಿಯಂದ್ರಿಗೆ ಇನ್ನೊಂದು ರೊಟ್ಟಿ ಹಾಕು.”

“ಅನಸವ್ವಾ, ಗಂಗಾವತಿ ಕಡಿ ಮಳಿ ಹೆಂಗೈತಿ ಅಂತ ಕೇಳು.”

ಅನಸವ್ವ ಎಂದರೆ ನನ್ನ ಹೆಂಡತಿ ಅನುಸೂಯಾ. ಆಕೆಗೂ ಬೇಸರ ಬರುತ್ತಿತ್ತು. “ನಾ ಟಪಾಲು ಒಯ್ಯಾಕಿ ಏನ ಯವ್ವಾ? ನಿನಗೂ ಬಾಯಿ ಐತಿ, ಅವರಿಗೂ ಕಿವಿ ಅದಾವ.”

“ಸುಮ್ಮ ಕೇಳಬೇ ಅಂದ್ರ!”

ಹೀಗೆ ನಡೆದಿತ್ತು. ಆಕೆ ಸೆರಗಿನ ಆ ಕಡೆ, ನಾನು ಈ ಕಡೆ.

ಮೂರು ವರ್ಷದ ಕೆಳಗೆ ನನ್ನ ದನಿ ಒಡೆಯಿತು. ಲಾರಿಗೆ ಚೀಲ ಏರಿಸುವವರಿಗೆ ದಿನವಿಡೀ ಕೂಗುವವನ ದನಿ ಒಡೆಯದೆ ಏನಾದೀತು ಎಂದು ಸುಮ್ಮನಿದ್ದೆ. ಆಮೇಲೆ ನುಂಗಿದರೆ ನೋವು. ಆಮೇಲೆ ಮಲಗಿದರೆ ಉಸಿರು ಸೀಟಿ ಹೊಡೆಯತೊಡಗಿತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಗಂಟಲೊಳಗಿನ ಗಂಟು ಉಸಿರಿನ ದಾರಿಯನ್ನೇ ಮುಚ್ಚುತ್ತಿತ್ತು. ಬೀಡಿ, ಗುಟ್ಕಾ ಎಂದು ಡಾಕ್ಟರು ನನ್ನ ಮುಂದೆ ಬೈದರು. ಕ್ಯಾನ್ಸರ್ ಎಂದು ಹೆಂಡತಿಯನ್ನು ಹೊರಗೆ ಕರೆದು ಹೇಳಿದರು. ನನಗೆ ಒಳಗೇ ಕೇಳಿಸಿತು.

ಕುತ್ತಿಗೆಯ ಕೆಳಗಿನ ತಗ್ಗಿನಲ್ಲಿ ತೂತು ಮಾಡಿ ಒಂದು ಲೋಹದ ನಳಿಗೆ ಇಟ್ಟರು. ಉಸಿರಾಟವೆಲ್ಲ ಅದರಿಂದಲೇ. ಮೂಗು ಇದ್ದೂ ಇಲ್ಲ, ಬಾಯಿ ಇದ್ದೂ ಮಾತಿಲ್ಲ. ಆಮೇಲೆ ವಾರಗಟ್ಟಲೆ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು. ಕುತ್ತಿಗೆ ಸುಟ್ಟ ಬದನೆಕಾಯಿಯಂತಾಯಿತು. ಆ ನಳಿಗೆಯೊಳಗೆ ಇನ್ನೊಂದು ಸಣ್ಣ ನಳಿಗೆ ಇರುತ್ತದೆ. ಕಫ ಗಟ್ಟಿಯಾಗಿ ಅದರಲ್ಲಿ ಕೂತರೆ ಉಸಿರು ಕಟ್ಟಿತೆಂದೇ ಲೆಕ್ಕ. ಅದಕ್ಕೆ ಒಳಗಿನದನ್ನು ತಿರುವಿ ತೆಗೆದು, ಕಾಸಿ ಆರಿಸಿದ ನೀರಲ್ಲಿ ತೊಳೆದು, ಮತ್ತೆ ಕೂಡಿಸಬೇಕು. ನರ್ಸು ಅನುಸೂಯಾಗೆ ಕಲಿಸಿದಳು. ನನಗೂ ಕಲಿಸಲು ಬಂದಳು. ನನ್ನ ಕೈ ತಪ್ಪಿ ನಳಿಗೆ ನೆಲಕ್ಕೆ ಬಿತ್ತು. ಕ್ವಿಂಟಲ್ ಚೀಲವನ್ನು ಬೆನ್ನ ಮೇಲೆ ಆಡಿಸಿದವನಿಗೆ ಬೆರಳುದ್ದದ ನಳಿಗೆ ಹಿಡಿಯಲು ಆಗಲಿಲ್ಲ. ಕನ್ನಡಿಯಲ್ಲಿ ಆ ತೂತು ನೋಡುವ ಧೈರ್ಯವೂ ನನಗೆ ಬರಲಿಲ್ಲ.

ಡಾಕ್ಟರು ಹೇಳಿದರು: “ಧೂಳಿನಾಗ ಇರಬ್ಯಾಡ. ನಳಿಗಿ ಮ್ಯಾಲೆ ಹಸಿ ಬಟ್ಟಿ ಇರಲಿ. ದೀಪಾವಳಿ ಆದಮ್ಯಾಲೆ ಬಾ. ಗಂಟು ಹೋಗಿ ಬಾವು ಇಳದಿದ್ರ ನಳಿಗಿ ತೆಗೀತೀವಿ. ಇಲ್ಲಂದ್ರ ಗಂಟಲ ಪೆಟ್ಟಿಗಿನ ತೆಗೀಬೇಕಾಗತೈತಿ. ಮಾತು ಹೋಗತೈತಿ, ತೂತು ಕಾಯಂ ಉಳೀತೈತಿ.”

ಗಂಗಾವತಿಯಲ್ಲಿ ನಮ್ಮ ಮನೆ ಗಿರಣಿಗಳ ಹಿಂದಿನ ಓಣಿಯಲ್ಲಿ. ಭತ್ತದ ಹೊಟ್ಟು ಸುಟ್ಟ ಬೂದಿ ಹಗಲು ರಾತ್ರಿ ಬೀಳುತ್ತದೆ. ಒಣಹಾಕಿದ ಅಂಗಿ ಸಂಜೆಗೆ ಕರ್ರಗಾಗಿರುತ್ತದೆ. ಅಲ್ಲಿರುವಂತಿಲ್ಲ. ಮಕ್ಕಳನ್ನು ನನ್ನ ಅಣ್ಣನ ಮನೆಯಲ್ಲಿ ಬಿಟ್ಟು, ನವರಾತ್ರಿ ಘಟ ಕೂಡುವ ಮುಂಚೆ ಅನುಸೂಯಾ ನನ್ನನ್ನು ಹನುಮಸಾಗರಕ್ಕೆ ಕರೆತಂದಳು. ಅತ್ತೆ ಮನೆಯಲ್ಲಿ ಠಿಕಾಣಿ ಹೂಡುವುದಕ್ಕಿಂತ ಸಾಯುವುದು ಲೇಸು ಎಂದು ಹೇಳಬೇಕೆನಿಸಿತು. ಹೇಳಲು ದನಿ ಎಲ್ಲಿದೆ? ಬಸ್ಸಿನಲ್ಲಿ ಸುಮ್ಮನೆ ಕುಳಿತು ಬಂದೆ.

ಪಕ್ಕೀರವ್ವನ ಮನೆ ಊರಂಚಿನದು. ಮುಂದೆ ಒಂದು ಕೋಣೆ, ಅಡಿಗೆಮನೆ, ಹಿಂದೆ ಹಿತ್ತಲು. ಹಿತ್ತಲೆಂದರೆ ಇನ್ನೊಂದು ಮನೆ ಕಟ್ಟುವಷ್ಟು ಜಾಗ. ಬೇರೆಯವರ ಹೊಲದಲ್ಲಿ ಕಳೆ ತೆಗೆಯಲು ಕೂಲಿಗೆ ಹೋಗಿ ಬಂದು ಉಳಿದ ಹೊತ್ತಿನಲ್ಲಿ ಆಕೆ ಮಾಡಿದ್ದು ಅದು. ಬಚ್ಚಲ ನೀರು ಒಂದು ಹನಿಯೂ ಬೀದಿಗೆ ಹೋಗುವುದಿಲ್ಲ. ಸಣ್ಣ ಕಾಲುವೆ ತೋಡಿದ್ದಾಳೆ. ಸ್ನಾನದ ನೀರು ಬದನೆಗೆ, ಭಾಂಡೆ ತೊಳೆದ ನೀರು ಪುಂಡಿಸೊಪ್ಪಿಗೆ. ಗೋಡೆಯ ಮೇಲೆ ಹೀರೆ ಬಳ್ಳಿ. ಉಳಿದದ್ದೆಲ್ಲ ಚೆಂಡುಹೂ, ಸೇವಂತಿಗೆ. ಹಬ್ಬಕ್ಕೆ ಮಾರುವುದಕ್ಕೆ. ನಡುವೆ ಅವರೆಬಳ್ಳಿಯ ಹಂದರ, ಅದರ ಕೆಳಗೆ ಹೊರಸು, ಹಗ್ಗದ ಮಂಚ. ಆ ಹೊರಸಿನ ಮೇಲೆ ನನ್ನನ್ನು ಕೂಡಿಸಿದರು.

ಮೊದಲ ವಾರ ನನಗೆ ಹೂವೂ ಕಾಣಲಿಲ್ಲ, ಬಳ್ಳಿಯೂ ಕಾಣಲಿಲ್ಲ. ಬರೀ ಜೇನುಹುಳ ಕಂಡವು. ಚೆಂಡುಹೂವಿನ ಮೇಲೆ ಗುಂಯ್ ಎಂದು ಆಡುವ ಒಂದೊಂದು ಹುಳವೂ ನನ್ನ ಕುತ್ತಿಗೆಯ ತೂತನ್ನೇ ನೋಡುತ್ತಿದೆ ಎನಿಸುತ್ತಿತ್ತು. ಒಳಗೆ ಹೊಕ್ಕರೆ? ಕೂಗಲು ಬರುವುದಿಲ್ಲ, ಸೀನಲು ಬರುವುದಿಲ್ಲ. ಪಾತರಗಿತ್ತಿ ಹತ್ತಿರ ಬಂದರೂ ಕೈ ಅಡ್ಡ ಹಿಡಿಯುತ್ತಿದ್ದೆ. ಇರುವೆ ಹೊರಸಿನ ಕಾಲು ಹತ್ತಿದರೆ ಎದ್ದು ನಿಲ್ಲುತ್ತಿದ್ದೆ. ನಳಿಗೆಯೊಳಗೆ ನನ್ನದೇ ಉಸಿರು ಸೊರ್ ಸೊರ್ ಎನ್ನುವುದು ನನಗೇ ಕೇಳುತ್ತಿತ್ತು. ಒಮ್ಮೊಮ್ಮೆ ಅದರ ದನಿ ಬದಲಾದಂತೆ ಅನಿಸಿ ಮೈ ಬೆವರುತ್ತಿತ್ತು. ಬೆಳಿಗ್ಗೆ ಅನುಸೂಯಾ ನಳಿಗೆ ತೊಳೆಯಲು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ದೀಪಾವಳಿ ದೂರ ಇರಲಿ ಎಂದು ಬೇಡಿದೆ. ಬೇಗ ಬಂದು ಮುಗಿದುಹೋಗಲಿ ಎಂದೂ ಬೇಡಿದೆ.

ಆಮೇಲೆ ನಿಧಾನವಾಗಿ ಕಣ್ಣು ತೆರೆಯಿತು. ನಾನು ಹೇಳುವುದು ನಿಜ. ನಲವತ್ತೆಂಟು ವರ್ಷದಲ್ಲಿ ನಾನು ಒಂದು ಗಿಡದ ಮುಂದೆ ಸುಮ್ಮನೆ ಕೂತವನಲ್ಲ. ಆ ವರ್ಷ ಹಿಂಗಾರು ಮಳೆ ಛಲೋ ಬಿದ್ದಿತ್ತು. ಬೆಳಿಗ್ಗೆ ಇಬ್ಬನಿ ಆರುವ ತನಕ ಚೆಂಡುಹೂ ತಲೆ ತಗ್ಗಿಸಿ ನಿಂತಿರುತ್ತಿದ್ದವು. ಬಿಸಿಲು ಗೋಡೆ ದಾಟಿ ಬಂದೊಡನೆ ಒಂದೊಂದೇ ಎದ್ದು ನಿಲ್ಲುತ್ತಿದ್ದವು, ಹಾಜರಿ ಕೂಗಿದಾಗ ಹಮಾಲರು ಎದ್ದಂತೆ. ಅವರೆ ಹೂ ಬಿಡಲು ಸುರುಮಾಡಿತ್ತು, ಬಿಳಿ, ನಸುನೀಲಿ. ಅದಕ್ಕೊಂದು ಘಮ ಇರುತ್ತದೆ. ಅದು ನನ್ನ ಮೂಗಿಗೆ ಬರುತ್ತಿರಲಿಲ್ಲ. ಹೂವನ್ನು ಮೂಗಿಗೆ ಒತ್ತಿ ಹಿಡಿದರೂ ಇಲ್ಲ. ಉಸಿರೇ ಮೂಗಿನಲ್ಲಿ ಹೋಗದಿದ್ದರೆ ವಾಸನೆ ಎಲ್ಲಿಂದ ಬರಬೇಕು? ಗಾಜಿನ ಪೆಟ್ಟಿಗೆಯೊಳಗೆ ಇಟ್ಟ ತೋಟ ನೋಡಿದಂತೆ ನೋಡುತ್ತಿದ್ದೆ. ಆದರೂ ನೋಡುತ್ತಿದ್ದೆ. ಹಾಗೆ ನೋಡುತ್ತಿರುವಾಗ ಅಂಜಿಕೆ ಸ್ವಲ್ಪ ದೂರ ಹೋಗಿ ಕೂಡುತ್ತಿತ್ತು. ಎದ್ದು ಹೋಗುತ್ತಿರಲಿಲ್ಲ.

ಪಕ್ಕೀರವ್ವ ಹಿತ್ತಲಲ್ಲೇ ಇರುತ್ತಿದ್ದಳು, ಆದರೆ ನನಗೆ ಬೆನ್ನು ಮಾಡಿ. ನಾನು ಹಂದರದ ಕೆಳಗಿದ್ದರೆ ಆಕೆ ಬದನೆಯ ಹಿಂದೆ. “ಅನಸವ್ವಾ, ಬಿಸಿಲು ಬಂತು, ಹೊರಸು ಸರಿಸಿಕೊಳ್ಳಾಕ ಹೇಳು.” “ಅನಸವ್ವಾ, ಗಂಜಿ ಆರಿ ಹೊಂಟೈತಿ ಅಂತ ಹೇಳು.” ಅನುಸೂಯಾ ಹೊರಗೆ ಹೋಗಿದ್ದರೂ ಹೀಗೇ ಕರೆಯುತ್ತಿದ್ದಳು. ಮನೆಯಲ್ಲಿಲ್ಲದ ಮಗಳಿಗೆ ಹೇಳಿದರೂ ನನಗೆ ಮುಟ್ಟುತ್ತದಲ್ಲ, ಅಷ್ಟು ಸಾಕು ಆಕೆಗೆ.

ನಾನು ಕರೆಯುವುದಕ್ಕೆ ಅನುಸೂಯಾ ಒಂದು ಎತ್ತಿನ ಕೊರಳ ಗಂಟೆ ಕೊಟ್ಟಿದ್ದಳು. ಪಕ್ಕದ ಮನೆಯ ಜೈನಾಬೀ, ಪಕ್ಕೀರವ್ವನ ಜೊತೆ ಕೂತು ಹೂ ಕಟ್ಟುವ ಮುದುಕಿ, ಒಂದು ದಿನ ಗೋಡೆಯ ಆ ಕಡೆಯಿಂದ ಕೂಗಿದಳು: “ಪಕ್ಕೀರವ್ವಾ, ನಿನ್ನ ಎತ್ತು ಗಂಟಿ ಬಾರಿಸಾಕತ್ತೈತಿ ನೋಡಬೇ, ಒಂದೀಟು ಹಿಂಡಿ ಹಾಕು!” ಇಬ್ಬರೂ ನಕ್ಕರು. ಅನುಸೂಯಾ ಕೂಡ ನಕ್ಕಳು. ನನಗೆ ಬಂದ ಸಿಟ್ಟಿಗೆ ಬೈಯಲು ದನಿ ಇರಲಿಲ್ಲ. ಗಂಟೆಯನ್ನು ಬೀಸಿ ಚೆಂಡುಹೂವಿನ ಮಡಿಯೊಳಗೆ ಎಸೆದೆ. ಯಾರೂ ಹುಡುಕಲಿಲ್ಲ, ನಾನೂ ಕೇಳಲಿಲ್ಲ.

ಶೀಗಿ ಹುಣ್ಣಿಮೆ ಮುಗಿದ ಮೇಲೆ ಅನುಸೂಯಾ ಔಷಧಿ, ಹತ್ತಿ, ಪಟ್ಟಿ ತರಲು ಬೆಳಿಗ್ಗೆಯೇ ಕುಷ್ಟಗಿಗೆ ಹೋದಳು. ಹೋಗುವಾಗ ನಳಿಗೆ ತೊಳೆದು, ಮೇಲೆ ಹಸಿ ಬಟ್ಟೆ ಕಟ್ಟಿ, ಕಾಸಿದ ನೀರಿನ ಚರಿಗೆಯನ್ನು ಹೊರಸಿನ ಕೆಳಗೆ ಇಟ್ಟಳು. ಆಕೆ ಹೋದ ಮೇಲೆ ನಾನು ಬಟ್ಟೆ ತೆಗೆದೆ. ಸುಟ್ಟ ಚರ್ಮಕ್ಕೆ ಅದು ತುರಿಸುತ್ತಿತ್ತು.

ಅವರೆಗೆ ಹೇನು ಬಿದ್ದಿತ್ತು. ನಮ್ಮ ಕಡೆ ಅದಕ್ಕೆ ಒಲೆಬೂದಿಯೇ ಔಷಧ. ತೆಳು ಅರಿವೆಯಲ್ಲಿ ಬೂದಿ ಕಟ್ಟಿ, ಇಬ್ಬನಿ ಆರುವ ಮುಂಚೆ ಬಳ್ಳಿಯ ಮೇಲೆ ಝಾಡಿಸುತ್ತಾರೆ. ಹಸಿ ಎಲೆಗೆ ಅಂಟುತ್ತದೆ, ಹೇನು ಉದುರುತ್ತದೆ. ಹಂದರದ ಆ ಮಗ್ಗುಲಲ್ಲಿ ಪಕ್ಕೀರವ್ವ ಬೂದಿಗಂಟು ಹಿಡಿದು ನಿಂತದ್ದು ಎಲೆಯ ಸಂದಿಯಲ್ಲಿ ಕಂಡಿತು.

“ಅನಸವ್ವಾ, ಬೂದಿ ಹೊಡೀತೀನಿ. ಅವರಿಗೆ ಒಳಗ ಹೋಗಾಕ ಹೇಳು.”

ನಾನು ಕೇಳಿದೆ. ಕೇಳಿಯೂ ಏಳಲಿಲ್ಲ. ಕುಷ್ಟಗಿಯ ಬಸ್ಸಿನಲ್ಲಿರುವ ಅನಸವ್ವನಿಗೆ ಹೇಳಿದ ಮಾತಿಗೆ ನಾನ್ಯಾಕೆ ಏಳಲಿ? ಎದುರಿಗಿದ್ದವನಿಗೆ ‘ಏಳಪ್ಪಾ’ ಎಂದರೆ ನಾಲಿಗೆ ಸವೆಯುತ್ತದೆಯೇ? ಇಷ್ಟು ವರ್ಷದ ಸಿಟ್ಟು ಆ ಬೆಳಿಗ್ಗೆ ಹೊರಸು ಹಿಡಿದು ಕೂತಿತು. ಆಕೆ ಸ್ವಲ್ಪ ಹೊತ್ತು ಕಾದಳು. ಸೆರಗು ಮೂಗಿನ ತನಕ ಇತ್ತು, ಈ ಕಡೆ ತಿರುಗಿ ನೋಡುವುದೂ ಇಲ್ಲ. ಹೋಗಿದ್ದಾನೆ ಎಂದುಕೊಂಡು ಝಾಡಿಸಿದಳು.

ಗಾಳಿ ನನ್ನ ಕಡೆಗೇ ಇತ್ತು. ಬೂದಿ ಮೋಡದಂತೆ ಎಲೆಗಳೊಳಗಿಂದ ಇಳಿದು ಬಂತು. ಗಂಗಾವತಿಯ ಬೂದಿಗೆ ಅಂಜಿ ಇಲ್ಲಿಗೆ ಓಡಿ ಬಂದವನು ನಾನು. ಒಂದು ಉಸಿರು ಒಳಗೆ ಹೋಯಿತು, ಕೆಮ್ಮು ಬಂತು. ಎರಡನೆಯ ಕೆಮ್ಮಿಗೆ ಒಳಗಿನಿಂದ ಏನೋ ಗಟ್ಟಿಯಾದದ್ದು ಮೇಲೆ ಬಂದು ನಳಿಗೆಯಲ್ಲಿ ಕೂತಿತು. ಅಷ್ಟೇ. ಸೊರ್ ಸೊರ್ ನಿಂತಿತು. ಎದೆ ಎಳೆಯುತ್ತದೆ, ಗಾಳಿ ಬರುವುದಿಲ್ಲ. ಗಂಟೆಗೆ ಕೈ ಹಾಕಿದೆ. ಗಂಟೆ ಎಲ್ಲಿದೆ? ಚೆಂಡುಹೂವಿನಲ್ಲಿದೆ. ಕಣ್ಣ ಮುಂದೆ ಆ ಹೂಗಳೆಲ್ಲ ಹಳದಿ ಹೋಗಿ ಕರ್ರಗಾದವು. ಸಾವು ಹೀಗೆ, ಹಾಡುಹಗಲಲ್ಲಿ, ಹೂವಿನ ನಡುವೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಹಂದರದ ಗಳ ಹಿಡಿದು ಇದ್ದ ಬಲವೆಲ್ಲ ಹಾಕಿ ಅಲುಗಾಡಿಸಿದೆ.

“ಹೇ! ಹಾ! ಯಾರ ದನಾಬೇ ಇದು, ಅವರಿ ಮೇಯಾಕತ್ತೈತಿ!” ಎನ್ನುತ್ತ ಪಕ್ಕೀರವ್ವ ಕೋಲು ಹಿಡಿದು ಓಡಿ ಬಂದಳು. ಬಂದು ನೋಡಿದರೆ ನಾನು.

ಕೋಲು ಬಿಸಾಡಿ ನನ್ನ ಕುತ್ತಿಗೆಗೆ ಕೈ ಹಾಕಿದಳು. ನಾನು ದಬ್ಬಿದೆ. ಉಸಿರಿಲ್ಲದವನಿಗೆ ಹತ್ತಿರ ಬಂದವರೆಲ್ಲ ಕೊಲ್ಲಲು ಬಂದಂತೆ ಕಾಣುತ್ತಾರೆ. ಅತ್ತೆ ಮೈ ಮುಟ್ಟಿದಳಲ್ಲ ಎಂಬ ನಾಚಿಕೆಯೂ ಆ ಹೊತ್ತಿನಲ್ಲಿ ಎಲ್ಲಿಂದಲೋ ಬಂತು. ಮತ್ತೆ ಬಂದಳು, ಮತ್ತೆ ದಬ್ಬಿದೆ. ಆಗ ಬಿತ್ತು ಏಟು.

“ಕೈ ತಗಿಯಲೇ ಗೋಣ್ಯಾ! ತಗೀ! ನನ್ನ ಹಿತ್ತಲದಾಗ ಇನ್ನೊಂದು ಹೆಣ ಬೀಳಾಕ ಬಿಡಾಕಿ ಅಲ್ಲ ನಾನು!”

ನನ್ನ ಹೆಸರು ಗೋಣೆಪ್ಪ. ಗೋಣ್ಯಾ ಎಂದು ಕರೆಯುತ್ತಿದ್ದವಳು ಸತ್ತುಹೋದ ನನ್ನ ಅವ್ವ ಒಬ್ಬಳೇ. ಏಟಿಗೋ ಹೆಸರಿಗೋ, ಕೈ ತಾನೇ ಕೆಳಗಿಳಿಯಿತು. ಪಕ್ಕೀರವ್ವ ಒಂದು ಕೈಯಲ್ಲಿ ಹೊರಗಿನ ನಳಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಒಳಗಿನದನ್ನು ತಿರುವಿ ಎಳೆದಳು. ದಿನಾ ಬೆಳಿಗ್ಗೆ ಮಗಳು ಮಾಡುವುದನ್ನು ಬಾಗಿಲ ಹಿಂದಿನಿಂದ ನೋಡಿದ್ದಳು, ಸೆರಗಿನೊಳಗಿಂದ. ನಳಿಗೆಯ ಜೊತೆ ಬೂದಿ ಕಫ ಕೂಡಿದ ಕರಿ ಗಡ್ಡೆ ಹೊರಗೆ ಬಂತು. ಗಾಳಿ ಒಳಗೆ ನುಗ್ಗಿತು. ಆ ಗಾಳಿಗೆ ನಾನು ಇನ್ನೂ ಹೆಸರು ಹುಡುಕುತ್ತಿದ್ದೇನೆ.

ನಳಿಗೆಯನ್ನು ಚರಿಗೆಯ ನೀರಿನಲ್ಲಿ ತೊಳೆದಳು. ಸ್ವಚ್ಛ ಆಯಿತೋ ಇಲ್ಲವೋ ಎಂದು ಬಾಯಿ ಹಚ್ಚಿ ಊದಿ ನೋಡಿದಳು. ಮತ್ತೆ ತೊಳೆದಳು. ತಿರುವಿ ಕೂಡಿಸಿದಳು. ಸೆರಗು ಹೆಗಲಿಗೆ ಜಾರಿತ್ತು. ಆಕೆಯ ಪೂರ್ತಿ ಮುಖ ನಾನು ನೋಡಿದ್ದು ಅಂದೇ. ಅನುಸೂಯಾಳ ಮುಖವೇ ಅದು, ಬಿಸಿಲಿಗೆ ಇಟ್ಟು ಒಣಗಿಸಿದಂತೆ.

“ಅಂಜಿದೇನು, ಗೋಣ್ಯಾ?” ಎಂದಳು. ಮೆತ್ತಗೆ, ಸಣ್ಣ ಕೂಸನ್ನು ಕೇಳಿದಂತೆ.

ತಲೆ ಆಡಿಸಿದ್ದರೆ ಸಾಕಿತ್ತು. ಕಪಾಳ ಉರಿಯುತ್ತಿತ್ತು. ನಾನು ಮುಖ ಹೊರಳಿಸಿದೆ. ಆಮೇಲೆ ಸೆರಗು ಎಳೆದುಕೊಂಡು, ಕೋಲು ಎತ್ತಿಕೊಂಡು, ಬದನೆಯ ಹಿಂದೆ ಹೋದಳು. ಅಲ್ಲಿಂದ ದನಿ ಬಂತು:

“ಅನಸವ್ವಾ, ಅವರಿಗೆ ನೀರು ಬೇಕೇನು ಕೇಳು.”

ಮರುದಿನ ಎದ್ದು ಬಂದಾಗ ಗಂಟೆ ಹೊರಸಿನ ಕಾಲಿಗೆ ಕಟ್ಟಿತ್ತು, ಮಣ್ಣು ತೊಳೆದು. ಬೂದಿಗಂಟನ್ನು ಆಕೆ ಮತ್ತೆ ಮುಟ್ಟಲಿಲ್ಲ. ಹೇನು ಬಳ್ಳಿಯ ತುದಿಯಿಂದ ಬುಡಕ್ಕೆ ಇಳಿಯುವುದನ್ನು ನಾನು ದಿನಾ ನೋಡಿದೆ. ಆ ವರ್ಷ ಅವರೆ ಕೈಗೆ ಬರಲಿಲ್ಲ. ನಡೆದದ್ದನ್ನು ಆಕೆ ಮಗಳಿಗೆ ಹೇಳಲಿಲ್ಲ. ನನಗೆ ಹೇಳಲು ಬರುತ್ತಿರಲಿಲ್ಲ.

ಆ ಏಟಿನ ಹಿಂದಿನ ಕತೆ ನನಗೆ ಹೇಳಿದವಳು ಜೈನಾಬೀ. ಅನುಸೂಯಾ ಒಳಗಿದ್ದಾಗ ಹೂವಿನ ಬುಟ್ಟಿ ತಂದು ನನ್ನ ಹೊರಸಿನ ಹತ್ತಿರವೇ ಕೂತು, ದಾರ ಎಳೆಯುತ್ತ ಮೆಲ್ಲಗೆ ಸುರುಮಾಡಿದಳು: “ಹೊಡದ್ಳಂತ ಸಿಟ್ಟೇನೋ ಅಳಿಯಾ? ಗ್ವಾಡಿ ಆಕಡಿ ನಾ ಇದ್ದೆ, ಎಲ್ಲಾ ಕೇಳೀನಿ. ಓಡಿ ಬರೋದ್ರಾಗ ಮುಗದಿತ್ತು. ನಿಮ್ಮ ಮಾವ ಗ್ಯಾನಪ್ಪ ಹೆಂಗ ಹ್ವಾದ ಗೊತ್ತೈತೇನು ನಿನಗ?”

ಹಾವು ಕಡಿದು ಎಂದಷ್ಟೇ ಗೊತ್ತಿತ್ತು.

“ಸಜ್ಜಿ ಹೊಲದಿಂದ ಬಂದು ಇದ ಹಿತ್ತಲದಾಗ ಮಲಗಿದ. ಜ್ವರ ಅಂದ್ರು ಎಲ್ಲಾರೂ. ಪಕ್ಕೀರವ್ವನ ಮಾವ, ಭಾವ, ಊರ ಹಿರೇರು ಸುತ್ತ ಕುಂತಿದ್ರು. ಈಕಿ ನೀರು ಇಡಾಕ ಹ್ವಾದಾಗ ಅವನ ಕಾಲಾಗ ಹಾವಿನ ಹಲ್ಲು ಊರಿದ್ದು ಕಂಡೈತಿ. ಹಿರೇರ ಮುಂದ ಹೆಂಗ ಬಾಯಿ ಬಿಡ್ತಾಳ? ಒಳಗ ಬಂದು ಅತ್ತಿ ಕಿವ್ಯಾಗ ಹೇಳಿದ್ಳು. ಅತ್ತಿ, ರೊಟ್ಟಿ ಮುಗಿಸಿ ಹೇಳ್ತೀನಿ ಅಂದ್ಳು. ಮಾತು ಒಬ್ಬರಿಂದ ಒಬ್ಬರಿಗೆ ಹೋಗೋದ್ರಾಗ ಬಾಯಾಗ ನೊರಿ ಬಂದಿತ್ತು. ಅನಸವ್ವ ಆಗ ತೊಟ್ಟಿಲ ಕೂಸು.” ದಾರವನ್ನು ಹಲ್ಲಿನಿಂದ ಕಡಿದಳು. “ಇಷ್ಟಾದ್ರೂ ಸೆರಗು ಬಿಡವಲ್ಲಳು. ಏನು ಮಾಡೂದು, ಆಕಿ ಸ್ವಭಾವನ ಹಂಗ.”

ನಾನು ಬದನೆಯ ಕಡೆ ನೋಡಿದೆ. ಬೆನ್ನು ಕಂಡಿತು, ಕಳೆ ಕೀಳುತ್ತಿತ್ತು.

ದೀಪಾವಳಿಗೆ ಚೆಂಡುಹೂ ಎಲ್ಲ ಕೊಯ್ದು ಸಂತೆಗೆ ಹೋದವು. ಹಿತ್ತಲು ಬೋಳಾಯಿತು. ಹಬ್ಬ ಕಳೆದು ಹುಬ್ಬಳ್ಳಿಗೆ ಹೊರಟ ದಿನ ನಾನು ಹೊಸ್ತಿಲಲ್ಲೇ ಕೂತು ಚಪ್ಪಲಿ ಮೆಟ್ಟಲು ತಡಮಾಡಿದೆ. ಬಾಗಿಲ ಹಿಂದಿನಿಂದ “ಅನಸವ್ವಾ, ಹೋಗಿ ಬರ್ರಿ ಅಂತ ಹೇಳು” ಎಂಬ ದನಿ ಬಂತು. ‘ಬರ್ರಿ’ ಎಂಬುದನ್ನು ಎರಡು ಸಲ ಹೇಳಿದಳು.

ಆಸ್ಪತ್ರೆಯಲ್ಲಿ ಮೂಗಿನೊಳಗಿಂದ ಕ್ಯಾಮರಾ ಬಿಟ್ಟು ಡಾಕ್ಟರು ಬಹಳ ಹೊತ್ತು ನೋಡಿದರು. ಏನೂ ಮಾತಾಡಲಿಲ್ಲ. ಮಾತಾಡದವರನ್ನು ಕಂಡರೆ ಎಷ್ಟು ಅಂಜಿಕೆ ಆಗುತ್ತದೆಂದು ಅಲ್ಲಿ ಗೊತ್ತಾಯಿತು. ಕೊನೆಗೆ ನಳಿಗೆಯ ಬಾಯಿಗೆ ಬೆರಳಿಟ್ಟು “ಏನಾದ್ರೂ ಅನ್ನು” ಎಂದರು. ಎಣ್ಣೆ ಕಾಣದ ಬಂಡಿಯ ಗಾಲಿಯಂಥ ದನಿ ಬಂತು. ಅನುಸೂಯಾ ಗೋಡೆಗೆ ತಲೆ ಇಟ್ಟು ಅತ್ತಳು. ಇನ್ನಷ್ಟು ದಿನ ಇಟ್ಟುಕೊಂಡು, ನೋಡಿ, ನಳಿಗೆ ತೆಗೆದರು.

ಗಂಗಾವತಿಗೆ ಹೋಗುವ ಬದಲು ಮೊದಲು ಹನುಮಸಾಗರಕ್ಕೆ ನಡೆ ಎಂದೆ. ದಾರಿಯುದ್ದಕ್ಕೂ ಒಂದೇ ಮಾತನ್ನು ಒಳಗೊಳಗೆ ಆಡಿ ನೋಡಿಕೊಂಡೆ. ‘ಹೌದತ್ತಿ, ಭಾಳ ಅಂಜಿದ್ದೆ.’ ಹಿತ್ತಲ ಬಾಗಿಲಲ್ಲಿ ಕಾಲಿಟ್ಟೊಡನೆ ಸೇವಂತಿಗೆಯ ಘಮ ಮೂಗಿಗೆ ಬಡಿಯಿತು, ಅದರ ಹಿಂದೆ ಬಚ್ಚಲ ಮಣ್ಣಿನದು, ಒಲೆಯ ಹೊಗೆಯದು. ನಾನು ಹಂದರದ ಗಳ ಹಿಡಿದು ನಿಂತೆ. ಪಕ್ಕೀರವ್ವ ಬದನೆಯ ಹಿಂದೆ ಎದ್ದು ನಿಂತಳು, ಸೆರಗು ಮೂಗಿನ ತನಕ.

“ಅನಸವ್ವಾ, ಏನರ ಮಾತಾಡಾಕ ಹೇಳು. ದನಿ ಹೆಂಗೈತಿ ಕೇಳೂಣು.”

ಬಾಯಿ ತೆರೆದೆ. ಬಂದದ್ದು ಬೇರೆ ಮಾತು: “ಅನುಸೂಯಾ, ಅವರಿ ಏನಾತು ಅಂತ ಕೇಳು.”

“ಹೇನು ತಿಂದು ಹ್ವಾತು ಅಂತ ಹೇಳಬೇ,” ಎಂದಿತು ಸೆರಗು. ಅದರೊಳಗೆ ನಗು ಇತ್ತೋ ಏನೋ ಕಾಣಲಿಲ್ಲ.

ಈಗಲೂ ಪರೀಕ್ಷೆಗೆ ಹೋಗಬೇಕು. ಹೋಗುವ ದಿನ ಹತ್ತಿರ ಬಂದಂತೆ ಉಣ್ಣಲಾಗುವುದಿಲ್ಲ. ಆಗ ಹನುಮಸಾಗರಕ್ಕೆ ಹೋಗಿ ಹೊರಸಿನ ಮೇಲೆ ಕೂಡುತ್ತೇನೆ. ಹೋದ ವಾರವೂ ಹೋಗಿದ್ದೆ, ಒಬ್ಬನೇ. ಅವರೆ ಈ ಸಲ ತುಂಬ ಹೂ ಬಿಟ್ಟಿದೆ. “ಅನಸವ್ವಾ, ಚಾ ಬೇಕೇನು ಕೇಳು” ಎಂದಳು, ಗಂಗಾವತಿಯಲ್ಲಿದ್ದ ಮಗಳಿಗೆ. “ಸಕ್ರಿ ಕಮ್ಮಿ ಹಾಕಾಕ ಹೇಳು” ಎಂದೆ ನಾನು, ಅದೇ ಅನಸವ್ವನಿಗೆ. ಆಕೆ ಒಳಗೆ ಹೋದಳು. ಏಟಿನ ಸಿಟ್ಟು ನನ್ನಲ್ಲಿದೆ. ಅಂದು ‘ಅಂಜಿದೇನು’ ಎಂದು ಆಕೆ ಕೇಳಿದ್ದಕ್ಕೆ ‘ಹೌದು’ ಎನ್ನುವುದೂ ನನ್ನಲ್ಲೇ ಇದೆ, ಇನ್ನೂ ಕೊಟ್ಟಿಲ್ಲ.